ಕೆಟಲ್ ಹೊಲಿಗೆ

ಮಂಗಳವಾರ ಹತ್ತೂವರೆ. ಡಂಡೀಯ ಲಾಕಿ ಬೀದಿ,
ಗ್ರಂಥಾಲಯದ ಮಹಡಿ.
ಕಿಟಕಿಯಾಚೆ ಟೇ ನದಿ ಇರಬೇಕು; ಇವತ್ತು
ಕಡಲಿನಿಂದೆದ್ದ ಮಂಜು ಅದನ್ನೂ ಸೇತುವೆಯನ್ನೂ ಒರೆಸಿಹಾಕಿದೆ.
ಒಳಗೆ ನಾವು ಆರು ಜನ, ಒಟ್ಟು ವಯಸ್ಸು
ನಾನೂರ ಐವತ್ತರ ಮೇಲೆ, ಲೆಕ್ಕ ನೆಟ್ಟಾಳದ್ದು.
ಒಬ್ಬೊಬ್ಬರ ಮುಂದೆ ಒಂದು ದಬ್ಬಣ, ಒಂದು ಸೂಜಿ,
ಮೇಣ ಸವರಿದ ನಾರಿನ ದಾರ,
ಮಡಿಕೆ ತೀಡಲು ಮೂಳೆಯ ಪಟ್ಟಿ, ದನದ್ದಂತೆ.
ಮಾಂಸ ಮುಟ್ಟದ ಟಾರ್ಕ್ವಿಲ್‌ಗೆ ಪ್ಲಾಸ್ಟಿಕ್ಕಿನದು.

ಕಲಿಸುವವಳು ಮಾರ್ವೆನ್, ಇಪ್ಪತ್ತಾರು ವರ್ಷ.
"ಎಳೆಯನ್ನು ಎಳೆಯಿರಿ," ಅನ್ನುತ್ತಾಳೆ, "ಹಾಳೆ ಹರಿಯುವಷ್ಟಲ್ಲ,
ಬೆನ್ನು ಸಡಿಲಾಗುವಷ್ಟೂ ಅಲ್ಲ."
ಎಷ್ಟು ಅಂತ ಯಾರೂ ಕೇಳಲಿಲ್ಲ. ಅದನ್ನು ಕೇಳುವ ವಯಸ್ಸು ದಾಟಿದೆ.
ನಾನು ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ಈ ಬೆರಳುಗಳಿಗೆ ಸ್ಟಿಯರಿಂಗಿನ ದಪ್ಪ ಗೊತ್ತು,
ಸೂಜಿಯ ಕಣ್ಣು ಗೊತ್ತಿಲ್ಲ.
ಮೊದಲ ವಾರ ದಾರ ಪೋಣಿಸುವಷ್ಟರಲ್ಲೇ ಚಹಾದ ಹೊತ್ತಾಯಿತು.

ನೆಟ್ಟಾ ಮಾಂಟ್ರೋಸಿನವಳು. ಅವಳು ಹೊಲಿಯುವುದು ಖಾಲಿ ಹಾಳೆಯಲ್ಲ,
ಗಂಡ ಬಿಟ್ಟುಹೋದ ಉಬ್ಬರವಿಳಿತದ ಪಟ್ಟಿಗಳನ್ನು,
ಹತ್ತೊಂಬತ್ತು ವರ್ಷದವು.
ಹರಿದುಹೋದ ನೀರಿನ ಲೆಕ್ಕ ಯಾಕಮ್ಮ ಅಂದರೆ
"ಅವನ ಕೈಬರಹ ಅಂಚಿನಲ್ಲಿದೆ," ಅನ್ನುತ್ತಾಳೆ,
"ಅಂಚು ಕತ್ತರಿಸಬೇಡ ಅಂತ ಈ ಹುಡುಗಿಗೆ ಹೇಳಿಟ್ಟಿದ್ದೇನೆ."

ಒಂದು ಮಡಿಕೆ ಮುಗಿದು ಇನ್ನೊಂದಕ್ಕೆ ಏರುವಾಗ
ಕೆಳಗಿನದರ ಕೊರಳಿಗೆ ಸೂಜಿ ತೂರಿಸಿ
ಕುಣಿಕೆ ಹಾಕಿ ಮೇಲೆಳೆಯಬೇಕು.
ಇದಕ್ಕೆ ಕೆಟಲ್ ಹೊಲಿಗೆ ಎಂದು ಹೆಸರು.
ಯಾಕೆ ಅಂತ ಮಾರ್ವೆನ್‌ಗೂ ಸರಿಯಾಗಿ ಗೊತ್ತಿಲ್ಲ.
ನಾನು ನಕ್ಕೆ. ಡವೀನಾ ಗೆಲಟ್ಲಿಯೂ ನಕ್ಕಳು.
ಮಿಕ್ಕವರು ಹೊರಗಿನಿಂದ ಬಂದವರು.
ಈ ಊರಿನ ಸೆಣಬಿನ ಗಿರಣಿಗೆ ಹೆಂಗಸರು ಬೇಕಿದ್ದರು, ಅಗ್ಗಕ್ಕೆ.
ಗಂಡಸರು ಮನೆಯಲ್ಲಿ ಕೆಟಲ್ ಕಾಯಿಸುತ್ತ ಕೂತರು.
ನನ್ನಪ್ಪ ಕೂತಿದ್ದ.
ಅಮ್ಮ ಬೂಟು ಬಿಚ್ಚುವ ಮೊದಲೇ ಚಹಾ ಅವಳ ಕೈಗೆ,
ಒಂದು ಮಾತಿಲ್ಲ; ಆಮೇಲೆ ಹಿತ್ತಿಲಿಗೆ ಹೋಗಿ
ಗೋಡೆಗೆ ಮುಖ ಮಾಡಿ ಸಿಗರೇಟು ಸೇದುವನು.
ಕೆಳಗಿನದರ ಕೊರಳಿಗೆ. ಕುಣಿಕೆ. ಮೇಲೆ.

ನಾಲ್ಕನೆಯ ವಾರ ಡವೀನಾಳ ದಾರ ನಡುವಲ್ಲೇ ಮುಗಿಯಿತು.
"ತಡೆಯಿರಿ," ಎಂದಳು ಮಾರ್ವೆನ್, "ಸೇರಿಸಲು ಒಂದು ಗಂಟಿದೆ,
ಸ್ವಲ್ಪ ಕಷ್ಟದ್ದು, ಚಿತ್ರ ತರುತ್ತೇನೆ."
ಡವೀನಾಗೆ ಕೇಳಿಸಲಿಲ್ಲ. ಮಗ್ಗಗಳು ಅವಳ ಕಿವಿಯನ್ನು
ಹದಿನೆಂಟಕ್ಕೇ ತಿನ್ನತೊಡಗಿದ್ದವು.
ಹೊಸ ಎಳೆ, ಹಳೆ ಎಳೆ, ಹೆಬ್ಬೆರಳ ಕೆಳಗೊಂದು ಅಡ್ಡ,
ಒಂದು ಸುತ್ತು, ಒಂದು ತೂರು,
ಉಸಿರು ಬಿಡುವಷ್ಟರಲ್ಲಿ ಗಂಟು. ನೋಡಿಯೂ ಇರಲಿಲ್ಲ;
ಅವಳ ಕಣ್ಣು ಬಿಸ್ಕತ್ತಿನ ಡಬ್ಬಿಯ ಮೇಲಿತ್ತು.
ಮಾರ್ವೆನ್ ಚಿತ್ರ ಹಿಡಿದು ನಿಂತಳು. ಚಿತ್ರದ ಕೆಳಗೆ:
ನೇಕಾರರ ಗಂಟು.

"ಇನ್ನೊಮ್ಮೆ ತೋರಿಸ್ತೀರಾ? ನಿಧಾನವಾಗಿ?"
ಡವೀನಾ ತುಟಿ ಓದಿದಳು, ಯತ್ನಿಸಿದಳು.
ನಿಧಾನವಾಗಿ ಆಗಲಿಲ್ಲ. ಎರಡು ಸಲ ಬಿಚ್ಚಿಹೋಯಿತು.
ಮೂರನೆಯ ಸಲ ಸಿಟ್ಟಿಗೆ ಮೊದಲಿನ ವೇಗದಲ್ಲೇ ಹಾಕಿದಳು,
ಹಾಕಿ, ಸದ್ದಿಲ್ಲದೆ, ಬರೀ ತುಟಿಯಲ್ಲಿ ನನಗೇನೋ ಅಂದಳು.
ಗಿರಣಿಯ ಹೆಂಗಸರ ಭಾಷೆ ಅದು.
ಅಮ್ಮ ಅಪ್ಪನಿಗೆ ಹಾಗೇ ಬಯ್ಯುತ್ತಿದ್ದಳು, ರಾತ್ರಿ,
ಅಡುಗೆಮನೆಯ ಬೆಳಕಲ್ಲಿ, ಮಕ್ಕಳು ಮಲಗಿದರೆಂದುಕೊಂಡು.
ನನಗೆ ಅರ್ಧ ತಿಳಿಯಿತು. ಆ ಅರ್ಧ ಬರೆಯುವಂಥದ್ದಲ್ಲ.

ಹೊತ್ತು ಹೋಗಲಿ ಅಂತ ಬಂದವನ ಕೈಯಲ್ಲಿ ಈಗ ಹೊತ್ತಗೆ.
ಬೆನ್ನು ತುಸು ಸೊಟ್ಟ, ನನ್ನದರ ಹಾಗೆ.
ಐದನೆಯ ಮಡಿಕೆ ತಲೆಕೆಳಗು, ಅಂದಳು ಮಾರ್ವೆನ್,
ಕಾಗದದೊಳಗಿನ ನೀರುಗುರುತನ್ನು ದೀಪಕ್ಕೆ ಹಿಡಿದು.
ಖಾಲಿ ಹಾಳೆಗೆ ತಲೆ ಯಾವುದು, ಕಾಲು ಯಾವುದು,
ಇರಲಿ ಬಿಡು ಅಂದೆ.
ಏನು ಬರೀತೀಯ ಅಂತ ಮಗಳು ಫೋನಿನಲ್ಲಿ ಕೇಳಿದಳು.
ಗೊತ್ತಿಲ್ಲ. ಸದ್ಯ ಹಿಟ್ಟಿನ ಅಂಟು ಒಣಗಲೆಂದು
ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದ್ದೇನೆ.
ಡವೀನಾಳ ಪುಸ್ತಕದಲ್ಲಿ ಆ ಗಂಟನ್ನು ಹುಡುಕಿದೆ,
ಸಿಗಲಿಲ್ಲ, ಮಡಿಕೆಯೊಳಗೆ ಎಲ್ಲೋ ಹೋಗಿತ್ತು.
ಮುಂದಿನ ಮಂಗಳವಾರ ರಟ್ಟು ಕತ್ತರಿಸುವುದಂತೆ.
ಕನ್ನಡಕ ಮರೆಯಬಾರದು.